ಸಹಾಯ ಬೇಕು: ನಮ್ಮ ಗೌರಿಗೆ ಮರಿ ಹಾಕಿಸಬೇಕೇ, ಬೇಡವೇ?

ರಾಯಚೂರಿನವರು ನಾವು. ಗೌರಿ ಎರಡೂವರೆ ವರ್ಷದ ಲ್ಯಾಬ್ರಡಾರ್. ಫೆಬ್ರುವರಿಯಲ್ಲಿ ಮತ್ತೆ ಬೆದೆಗೆ ಬರಬಹುದು. 63 ದಿನಕ್ಕೆ ಮರಿ ಎಂದರೆ ನಮ್ಮೂರಿನ ಏಪ್ರಿಲ್ ಬಿಸಿಲು, ಅದೇ ಒಂದು ಚಿಂತೆ.

"ಹೆಣ್ಣು ಜೀವ, ಒಮ್ಮೆಯಾದರೂ ತಾಯಿಯಾಗಲಿ" ಎನ್ನುತ್ತಾರೆ ಅಮ್ಮ. ಅದೇನೂ ಅಗತ್ಯವಿಲ್ಲ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಗರ್ಭಕೋಶದಲ್ಲಿ ಕೀವು ತುಂಬುವ ಭಯವೂ ತಪ್ಪುತ್ತದೆ ಎಂದರು ಪಶುವೈದ್ಯರು.

ನನ್ನ ಗೊಂದಲ ಬೇರೆ. ಮಲಗಿದ್ದವಳು ಎದ್ದಾಗ ನಾಲ್ಕು ಹೆಜ್ಜೆ ಹಿಂಗಾಲು ಎಳೆಯುತ್ತಾಳೆ, ಆಮೇಲೆ ಏನೂ ಆಗದವಳಂತೆ ಓಡುತ್ತಾಳೆ. ಈ ತಳಿಯಲ್ಲಿ ಸೊಂಟದ ಕೀಲಿನ ದೋಷ ಮರಿಗಳಿಗೂ ಇಳಿಯಬಹುದು. ಎಕ್ಸ್-ರೇ ತೆಗೆಸಿದೆ; ಅವಳು ಅಲುಗಾಡಿ ಚಿತ್ರ ಮಸುಕಾಯಿತು.

ಅರಿವಳಿಕೆ ಕೊಡಿಸಿ ಇನ್ನೊಮ್ಮೆ ಎಕ್ಸ್-ರೇ ತೆಗೆಸಿ ನಿರ್ಧರಿಸಲೇ, ಅಥವಾ ಈ ಕುಂಟು ನಡಿಗೆ ಕಂಡ ಮೇಲೆ ಮರಿಯ ಆಸೆಯನ್ನೇ ಬಿಡಲೇ? ಇಂಥ ನಾಯಿ ಸಾಕಿದವರು ಏನು ಮಾಡಿದಿರಿ?