ಉಡುಪಿನ ಹಟ್ಟಿ

ಕಳೆದ ಶನಿವಾರ ಉಡುಪಿಯಲ್ಲಿ ಅಪ್ಪಟ ಆಟಿಯ ಮಳೆ. ರಥಬೀದಿ ದಾಟುವಷ್ಟರಲ್ಲಿ ನನ್ನ ಕೊಡೆ ಉಲ್ಟಾ ಆಯಿತು. ಓಡಿ ಹೋಗಿ ಟೈಲರಕ್ಕನ ಅಂಗಡಿಗೆ ನುಗ್ಗಿದೆ. ಮೂವರು ಒಳಗಿದ್ದರೆ ನಾಲ್ಕನೆಯವರು ಉಸಿರಾಡಲು ಹೊರಗೆ ಹೋಗಬೇಕು, ಅಷ್ಟು ದೊಡ್ಡ ಅಂಗಡಿ. ಟೀಚರ್ ಮತ್ತು ಬ್ಯಾಂಕಿನವಳು ಆಗಲೇ ಬಿಸಿ ಗೋಳಿಬಜೆಯ ಪೊಟ್ಟಣ ಬಿಚ್ಚಿ ಕೂತಿದ್ದರು.

“ಎಣ್ಣೆ ಕೈಯಲ್ಲಿ ಬ್ಲೌಸ್ ಮುಟ್ಟಿದರೆ ಕೈಯನ್ನೇ ಹೊಲಿದುಬಿಡ್ತೇನೆ,” ಎಂದಳು ಟೈಲರಕ್ಕ. ನನಗೆ ಸಿಕ್ಕ ಸ್ವಾಗತ ಅದು.

ಮೆಷಿನ್ ಮೇಲೆ ಕಡುನೀಲಿ ಬಣ್ಣದ ಒಂದು ಫಾರಿನ್ ಡ್ರೆಸ್ ಮಲಗಿತ್ತು. ಟೀಚರಿನ ನಾದಿನಿ ನ್ಯೂಜೆರ್ಸಿಯಿಂದ ತಂದದ್ದು, ಅಲ್ಲಿ ಈಗ ಮುಚ್ಚಿಹೋದ ಒಂದು ಬಟ್ಟೆ ಅಂಗಡಿಯದ್ದು. ಮೊಣಕಾಲಿನವರೆಗೆ ಉದ್ದ, ಬೆನ್ನಿಗೆ ಜಿಪ್. ಅದನ್ನು ಬಿಚ್ಚಿ ಮಗಳಿಗೆ ಟಾಪ್ ಮಾಡಿಸಬೇಕಂತೆ.

“ಡ್ರೆಸ್ ಬಾರ್ನ್,” ಟೈಲರಕ್ಕ ಕನ್ನಡಕ ಏರಿಸಿ ಲೇಬಲ್ ಓದಿದಳು. “ಬಾರ್ನ್ ಅಂದರೆ ಹುಟ್ಟಿದ್ದು, ಅಲ್ವಾ?”

“ಹುಟ್ಟಿದ್ದಲ್ಲ ಮಾರಾಯ್ತಿ, ಹಟ್ಟಿ. ಆ ಬಾರ್ನ್ ಬೇರೆ. ದನ ಕಟ್ಟುವ ಹಟ್ಟಿ!”

ನನ್ನ ಗಂಟಲಲ್ಲಿ ಗೋಳಿಬಜೆ ಸಿಕ್ಕಿಕೊಂಡಿತು.

“ಬಟ್ಟೆ ಅಂಗಡಿಗೆ ಹಟ್ಟಿ ಅಂತ ಹೆಸರಾ? ನಮ್ಮಲ್ಲಾದರೆ ದೇವರ ಹೆಸರಿಡ್ತಾರೆ, ಇಲ್ಲ ಮಗಳ ಹೆಸರಿಡ್ತಾರೆ. ಅಲ್ಲ, ಹಟ್ಟಿಗೆ ಹೋಗುವ ಹೆಂಗಸರು ಅಂದರೆ...”

“ಮುಂದೆ ಹೇಳಬೇಡ,” ಎಂದಳು ಟೀಚರ್. ನಾದಿನಿಯ ಮರ್ಯಾದೆಯ ಪ್ರಶ್ನೆ.

ಬ್ಯಾಂಕಿನವಳಿಗೆ ಊರಿನ ಸುದ್ದಿ ಗೊತ್ತಿರುವುದಿಲ್ಲ, ಅಮೆರಿಕದ ಕಂಪನಿಗಳ ಜಾತಕ ಮಾತ್ರ ಬಾಯಿಪಾಠ. ಶುರು ಮಾಡಿದಳು. 1962ರಲ್ಲಿ ರೋಸ್ಲಿನ್ ಜಾಫಿ ಎಂಬ ಹೆಂಗಸು ಕನೆಕ್ಟಿಕಟ್‌ನ ಸ್ಟ್ಯಾಂಫರ್ಡ್‌ನಲ್ಲಿ ಈ ಅಂಗಡಿ ಹಾಕಿದ್ದಂತೆ. ಗಂಡ ಎಲಿಯಟ್ ಆಗ ಮೇಸೀಸ್ ಎಂಬ ಭಾರೀ ಅಂಗಡಿಯಲ್ಲಿ ಸಂಬಳಕ್ಕಿದ್ದ. ಹೆಂಡತಿಯ ಅಂಗಡಿ ಓಡಲು ಶುರುವಾದ ಮೇಲೆ ಕೆಲಸ ಬಿಟ್ಟು ಬಂದು ಸೇರಿಕೊಂಡ.

“ಗಂಡಸರು ಓಡುವ ಬಸ್ಸಿಗೇ ಹತ್ತುವುದು,” ಎಂದಳು ಟೈಲರಕ್ಕ. ಅವಳ ಯಜಮಾನರು ಬಸ್ ಕಂಡಕ್ಟರ್. ಅನುಭವದ ಮಾತು.

“ಅಷ್ಟು ಓಡಲು ಅದರಲ್ಲಿ ಎಂತ ಇತ್ತು?” ಎಂದು ನಾನು ಕೇಳಿದೆ.

“ಆಫೀಸಿನ ಉಡುಪು. ಆಗ ಅಲ್ಲಿಯ ಹೆಂಗಸರು ಜಾಸ್ತಿ ಜಾಸ್ತಿ ಕೆಲಸಕ್ಕೆ ಹೋಗ್ತಿದ್ದ ಕಾಲ. ನೋಡಿದರೆ ಗೌರವ ಬರಬೇಕು, ಸಂಬಳವೂ ಉಳಿಯಬೇಕು. ಇವರು ಕಡಿಮೆ ರೇಟಿಗೆ ಕೊಟ್ಟರು. ದೊಡ್ಡ ಮಾಲ್‌ಗೆ ಹೋಗಿ ಬಾಡಿಗೆಗೆ ದುಡ್ಡು ಸುರಿಯಲಿಲ್ಲ. ರಸ್ತೆ ಬದಿ ಸಾಲು ಮಳಿಗೆ ಇರ್ತದಲ್ಲ, ಅಲ್ಲಿ ಹಾಕಿದರು. ಎದುರಿಗೇ ಕಾರು ನಿಲ್ಲಿಸುವುದು, ಡ್ರೆಸ್ ತೆಗೆದುಕೊಳ್ಳುವುದು, ಮನೆಗೆ ಹೋಗುವುದು. ನಮ್ಮ ಕಲ್ಸಂಕದ ಹಾಗೆ.”

“ಕಲ್ಸಂಕದಲ್ಲಿ ಕಾರು ನಿಲ್ಲಿಸುವುದಾ? ಎಷ್ಟು ವರ್ಷ ಆಯ್ತು ನೀನು ಆ ಕಡೆ ಹೋಗದೆ?”

“ದಪ್ಪ ಇದ್ದವರ ಸೈಜೂ ಸಿಗ್ತಿತ್ತು,” ಎಂದು ಟೀಚರ್ ನಡುವೆ ಸೇರಿಸಿದಳು. “ನಾದಿನಿಗೆ ಅದೇ ದೊಡ್ಡ ಸಮಾಧಾನ.”

ಆ ಸಮಾಧಾನದ ಬೆಲೆ ನನಗೆ ಗೊತ್ತು. ಹೋದ ದೀಪಾವಳಿಗೆ ಇಲ್ಲೇ ಒಂದು ಅಂಗಡಿಯಲ್ಲಿ ಕುರ್ತಾ ಕೇಳಿದೆ. ಆ ಹುಡುಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿತು. “ಅಕ್ಕ, ನಿಮ್ಮ ಸೈಜಿಲ್ಲ, ಫ್ರೀ ಸೈಜ್ ತೋರಿಸಲಾ?” ಎಂದಿತು. ಫ್ರೀ ಸೈಜ್ ಎಂದರೆ ತೆಳ್ಳಗಿದ್ದವರಿಗೆ ದೊಡ್ಡದು, ನನಗೆ ಸಣ್ಣದು, ಸರಿಯಾಗುವುದು ಗೊಂಬೆಗೆ ಮಾತ್ರ. ಅದಕ್ಕೂ ಹಿಂದಿನಿಂದ ಪಿನ್ ಹಾಕಿರ್ತಾರೆ. ಟ್ರಯಲ್ ರೂಮಿನಲ್ಲಿ ಅದು ತಲೆಯಿಂದ ಇಳಿಯಿತು, ಆಮೇಲೆ ಹತ್ತಲಿಲ್ಲ. ಎರಡೂ ಕೈ ಮೇಲೆ, ಮುಖದ ಮೇಲೆ ಬಟ್ಟೆ, ಹೊರಗೆ ಗಂಡನ ದನಿ: “ಆಯ್ತಾ?”

“ಇಷ್ಟು ಚೆನ್ನಾಗಿದ್ದ ಹಟ್ಟಿ ಮುಚ್ಚಿದ್ದು ಯಾಕೆ ಹಾಗಾದರೆ?” ಟೈಲರಕ್ಕ ನನ್ನ ಕಥೆಯನ್ನು ಅಲ್ಲಿಗೇ ಕತ್ತರಿಸಿದಳು.

“ಪಕ್ಕದವರ ಹಟ್ಟಿಯನ್ನೂ ಕೊಳ್ಳಲು ಹೋದರು,” ಎಂದಳು ಬ್ಯಾಂಕಿನವಳು. “2005ರಲ್ಲಿ ಮಾರಿಸಸ್ ಎಂಬ ಚೈನ್. 2009ರಲ್ಲಿ ಸಣ್ಣ ಹುಡುಗಿಯರ ಬಟ್ಟೆಯ ಜಸ್ಟಿಸ್. 2011ರಲ್ಲಿ ಕಂಪನಿಗೇ ಅಸೀನಾ ಅಂತ ಹೊಸ ಹೆಸರು. ಮರುವರ್ಷ ದಪ್ಪ ಇದ್ದವರ ಬಟ್ಟೆಯ ಲೇನ್ ಬ್ರಯಂಟ್‌ನ ಕಂಪನಿ. ಇಷ್ಟಕ್ಕೆ ನಿಂತಿದ್ದರೂ ಆಗ್ತಿತ್ತೋ ಏನೋ. 2015ರಲ್ಲಿ ಹೆಂಗಸರ ಬಟ್ಟೆಯದ್ದೇ ಆ್ಯನ್ ಟೇಲರ್ ಕಂಪನಿಯನ್ನೂ ತೆಗೆದುಕೊಂಡರು. ಸುಮಾರು 200 ಕೋಟಿ ಡಾಲರ್. ಅದಕ್ಕೆ ದೊಡ್ಡ ಸಾಲ.”

ಟೈಲರಕ್ಕ ಡ್ರೆಸ್ಸನ್ನು ಒಳಮಗ್ಗುಲು ಮಾಡಿದಳು. ಪಕ್ಕದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ನಮಗೆ ತೋರಿಸಿದಳು. ಒಳಗೆ ಬಿಟ್ಟ ಬಟ್ಟೆ ಕಾಲಿಂಚೂ ಇಲ್ಲ.

“ಇದರ ಹಾಗೇ ಆಯ್ತು ಅವರದ್ದು. ಒಳಗೆ ಬಟ್ಟೆ ಬಿಡದೆ ಹೊಲಿದರೆ ಬಿಗಿಯಾದಾಗ ಬಿಚ್ಚುವುದು ಎಲ್ಲಿಂದ?”

ಬ್ಯಾಂಕಿನವಳು ಅರ್ಧ ನಿಮಿಷ ಸುಮ್ಮನಾದಳು. ಅವಳ ಮಟ್ಟಿಗೆ ಅದು ದಾಖಲೆ.

ಬಿಗಿಯಾಗಲು ಕಾರಣವೂ ಇತ್ತೆನ್ನಿ. ಆಫೀಸಿಗೇ ಜನ ಲೆಗ್ಗಿಂಗ್ಸ್ ಹಾಕಿ ಹೋಗಲು ಶುರು ಮಾಡಿದರು. ನೀಲಿ ಡ್ರೆಸ್ಸಿನ ಗೌರವ ಯಾರಿಗೂ ಬೇಡವಾಯಿತು. ಬಾಕಿ ಇದ್ದದ್ದನ್ನು ಮೊಬೈಲ್ ನುಂಗಿತು.

“ಮೊಬೈಲ್ ಅಂತ ನೀನು ಹೇಳಬೇಡ,” ಟೀಚರ್ ನನ್ನ ಕಡೆ ತಿರುಗಿದಳು. “ಅಂಗಡಿಗೆ ಹೋಗಿ, ಹಾಕಿ ನೋಡಿ, ಫೋಟೋ ತೆಗೆದು, ಮನೆಗೆ ಬಂದು ಆನ್‌ಲೈನಲ್ಲಿ ನೂರು ರೂಪಾಯಿ ಕಡಿಮೆಗೆ ತರಿಸಿದ್ದು ಯಾರು?”

“ನೀನು ಐದು ತರಿಸಿ ನಾಲ್ಕು ವಾಪಸ್ ಕಳಿಸ್ತೀಯಲ್ಲ!”

“ನಿಮ್ಮಂಥವರೇ ಮುಚ್ಚಿಸಿದ್ದು,” ಎಂದು ಟೈಲರಕ್ಕ ತೀರ್ಪು ಕೊಟ್ಟಳು.

2019ರ ಮೇ ತಿಂಗಳಲ್ಲಿ ಕಂಪನಿ ಬಾಗಿಲು ಹಾಕುವ ಸುದ್ದಿ ಹೇಳಿತಂತೆ. ಸುಮಾರು 650 ಅಂಗಡಿ. ವರ್ಷ ಮುಗಿಯುವುದರೊಳಗೆ ಎಲ್ಲಾ ಖಾಲಿ. ಮರುವರ್ಷ ಕೊರೋನಾ ಬಂತು, ಜುಲೈಯಲ್ಲಿ ಅಸೀನಾ ಕೂಡ ದಿವಾಳಿ ಅರ್ಜಿ ಹಾಕಿತು. ಈ ನೀಲಿ ಡ್ರೆಸ್ಸನ್ನು ನಾದಿನಿ ಕೊಂಡದ್ದು ಮುಚ್ಚುವಾಗಿನ ಸೇಲ್‌ನಲ್ಲಿ. ಅತ್ತುಕೊಂಡೇ ಹೋದವಳು ಮೂರು ಡ್ರೆಸ್ ತಂದಳಂತೆ.

“ಆಮೇಲೆ ಹೆಸರನ್ನು ಬೇರೆ ಯಾರೋ ಕೊಂಡು ಆನ್‌ಲೈನ್ ಅಂಗಡಿ ತೆರೆದರು,” ಎಂದಳು ಬ್ಯಾಂಕಿನವಳು.

“ಅಂದರೆ ಹಟ್ಟಿಯೂ ಇಲ್ಲ, ದನವೂ ಇಲ್ಲ, ಹಗ್ಗ ಮಾತ್ರ ಮಾರಿದ್ದು!”

ಮಳೆ ಸ್ವಲ್ಪ ಬಿಟ್ಟಿತು. ಗೋಳಿಬಜೆ ಮುಗಿದಿತ್ತು, ಚಟ್ನಿ ಉಳಿದಿತ್ತು. ಅದು ಯಾವಾಗಲೂ ಹಾಗೇ. ನನ್ನ ತಲೆಯಲ್ಲಿ ಮಾತ್ರ ಬಿಸಿನೆಸ್ ಹೊಕ್ಕಿತ್ತು. “ಪಕ್ಕದ ಕೋಣೆ ಖಾಲಿ ಉಂಟಲ್ಲ, ಅದನ್ನೂ ಹಿಡಿ. ಇನ್ನೊಂದು ಮೆಷಿನ್ ಹಾಕು. ಆಮೇಲೆ ಮಣಿಪಾಲದಲ್ಲಿ ಒಂದು ಬ್ರಾಂಚ್...”

ಟೈಲರಕ್ಕ ನನ್ನ ಮುಖವನ್ನೇ ನೋಡಿದಳು. “ಇಷ್ಟು ಹೊತ್ತು ಕೇಳಿದ್ದು ಎಂತ ನೀನು?”

ಸೀಮೆಸುಣ್ಣದಿಂದ ಡ್ರೆಸ್ಸಿಗೆ ಎರಡು ಗೆರೆ ಎಳೆದು, ಚೀಟಿ ಚುಚ್ಚಿ, ಅದನ್ನು ರಾಶಿಯ ಅಡಿಗೆ ತಳ್ಳಿದಳು.

“ಬುಧವಾರ ಬಾ,” ಎಂದಳು ಟೀಚರಿಗೆ.

“ನನ್ನ ಬ್ಲೌಸಿಗೂ ಬುಧವಾರ ಅಂದಿದ್ದೆ,” ಎಂದೆ ನಾನು. “ಅದು ಷಷ್ಠಿಗೆ ಮೊದಲು.”

“ಹೌದು, ಬುಧವಾರವೇ. ಯಾವ ಬುಧವಾರ ಅಂತ ನೀನು ಕೇಳಲಿಲ್ಲ.”