ಉದ್ಯಾನದ ಬತ್ತಿದ ಕೊಳವೆ ಬಾವಿಯನ್ನು ಬೇಸಿಗೆ ಶಿಬಿರಕ್ಕೆ ಮೊದಲೇ ಮುಚ್ಚಿಸುವ ಕುರಿತು

ಸಂಘದ ಕಾರ್ಯದರ್ಶಿ:
ಎಲ್ಲ ಸದಸ್ಯರಿಗೂ ನಮಸ್ಕಾರ. ಮಕ್ಕಳ ಬೇಸಿಗೆ ಶಿಬಿರವನ್ನು ನಮ್ಮ ಬಡಾವಣೆಯ ಉದ್ಯಾನದಲ್ಲಿ ನಡೆಸಲು ನಗರಸಭೆಯಿಂದ ಲಿಖಿತ ಅನುಮತಿ ಬಂದಿದೆ. ಬೆಳಗ್ಗೆ ಚಿತ್ರಕಲೆ ಮತ್ತು ಕಥೆ, ಸಂಜೆ ಖೋಖೋ ಹಾಗೂ ಲಗೋರಿ, ಕೊನೆಯ ದಿನ ಮಕ್ಕಳೇ ಆಡುವ ಕಿರುನಾಟಕ ಎಂಬ ಏರ್ಪಾಟಿನಲ್ಲಿ ಬದಲಾವಣೆಯಿಲ್ಲ. ಆದರೆ ಸ್ಥಳ ನೋಡಲು ಹೋದ ಸಮಿತಿಯವರು ಗಮನಕ್ಕೆ ತಂದ ಒಂದು ಸಂಗತಿ ಇತ್ಯರ್ಥವಾಗದೆ ದಿನಾಂಕ ಪ್ರಕಟಿಸುವುದು ನನಗೆ ಸರಿಕಾಣುತ್ತಿಲ್ಲ. ನೀರಿನ ಟ್ಯಾಂಕಿನ ಹಿಂದಿರುವ ಬತ್ತಿದ ಕೊಳವೆ ಬಾವಿಯಿಂದ ಕಳೆದ ವರ್ಷವೇ ಮೋಟರ್ ಮತ್ತು ಪೈಪುಗಳನ್ನು ಮೇಲೆತ್ತಿಕೊಂಡು ಹೋಗಿದ್ದಾರೆ; ಬಾಯಿಗೆ ಮಣ್ಣು ತುಂಬಿದ ಗೋಣಿಚೀಲವೊಂದನ್ನು ತುರುಕಿ, ಮೇಲೊಂದು ಚಪ್ಪಡಿ ಕಲ್ಲನ್ನು ಎಳೆದಿಟ್ಟು ಬಿಟ್ಟಿದ್ದಾರೆ. ಈಗ ಚೀಲ ಬಿಸಿಲಿಗೆ ಲಡ್ಡಾಗಿ ಹರಿದು, ಅದರ ಮಣ್ಣು ಒಳಗೆ ಜಾರಿದೆ. ಚಪ್ಪಡಿಯನ್ನು ಹುಡುಗರು ಟ್ಯಾಂಕಿನ ಕಂಬಕ್ಕೆ ಒರಗಿಸಿ ಕ್ರಿಕೆಟ್ಟಿಗೆ ವಿಕೆಟ್ ಮಾಡಿಕೊಂಡಿದ್ದಾರೆ. ಸದ್ಯಕ್ಕೆ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿಸಿ, ಚಪ್ಪಡಿಯನ್ನು ಮತ್ತೆ ಬಾಯಿಗೆ ಸರಿಸಿದ್ದೇವೆ. ಮುಂದೇನು ಮಾಡಬೇಕೆಂಬುದನ್ನು ಇಲ್ಲಿ ಚರ್ಚಿಸಿ ತೀರ್ಮಾನಿಸೋಣ.

ಎರಡನೆಯ ಅಡ್ಡರಸ್ತೆಯ ನಿವಾಸಿ:
ಕಾರ್ಯದರ್ಶಿಗಳೇ, ನಗರಸಭೆಗೆ ಅರ್ಜಿ ಕೊಟ್ಟು ಕುಳಿತರೆ ರಜೆಯೇ ಮುಗಿದುಹೋದೀತು. ಮನೆಗಿಷ್ಟು ಎಂದು ಹಾಕಿಕೊಂಡು, ವೆಲ್ಡಿಂಗ್‌ನವರನ್ನು ಕರೆಸಿ ಕಬ್ಬಿಣದ ತಗಡೊಂದನ್ನು ಕೂರಿಸಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ನನ್ನ ಪಾಲನ್ನು ಇಂದೇ ಕೊಡಲು ಸಿದ್ಧನಿದ್ದೇನೆ.

ಮೊದಲನೆಯ ಮುಖ್ಯರಸ್ತೆಯ ನಿವಾಸಿ:
ವಿಷಯವನ್ನು ತುಸು ದೊಡ್ಡದು ಮಾಡುತ್ತಿದ್ದೇವೆಯೇ ಎಂಬ ಅನುಮಾನ ನನ್ನದು. ಸಾಮಾನ್ಯವಾಗಿ ಕೊಳವೆ ಬಾವಿಯ ಅಗಲ ಆರೂವರೆ ಇಂಚು. ಶಿಬಿರಕ್ಕೆ ಬರುವವರು ಎಂಟು ವರ್ಷ ಮೇಲ್ಪಟ್ಟ ಮಕ್ಕಳು. ಅವರು ಅದರೊಳಗೆ ಜಾರಲು ಸಾಧ್ಯವಿಲ್ಲ.

ನಿವೃತ್ತ ಇಂಜಿನಿಯರ್, ಮೂರನೆಯ ಅಡ್ಡರಸ್ತೆ:
ಎಂಟು ವರ್ಷದ ಅಕ್ಕನ ಕೈಹಿಡಿದು ಎರಡು ವರ್ಷದ ತಮ್ಮನೂ ಉದ್ಯಾನಕ್ಕೆ ಬರುತ್ತಾನೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಮಗುವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಪಕ್ಕದಲ್ಲಿ ಸಮಾನಾಂತರ ಗುಂಡಿ ತೋಡಿ, ಸುಮಾರು ಇಪ್ಪತ್ತು ಗಂಟೆಗಳ ಕಾರ್ಯಾಚರಣೆಯ ನಂತರ ಆ ಮಗುವನ್ನು ಜೀವಂತವಾಗಿ ಹೊರತೆಗೆದರು. ಅದಕ್ಕೂ ಮೊದಲು, 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಿದ್ದ ಬಾಲಕಿಯನ್ನು ಉಳಿಸಿಕೊಳ್ಳಲು ಆಗಲಿಲ್ಲ. ಎರಡೂ ನಡೆದದ್ದು ಬೇಸಿಗೆಯಲ್ಲೇ. ನೀರಿಲ್ಲದ ಕಾಲದಲ್ಲೇ ಬಾವಿ ಕೊರೆಯುವುದು, ಬತ್ತಿದ್ದನ್ನು ಬಿಟ್ಟುಹೋಗುವುದು ಎರಡೂ ಹೆಚ್ಚು. ಮಕ್ಕಳು ದಿನವಿಡೀ ಹೊರಗಿರುವುದೂ ಅದೇ ಕಾಲದಲ್ಲಿ.

ಅಗಲದ ಮಾತು ಕೇಸಿಂಗ್ ಪೈಪ್, ಅಂದರೆ ಮಣ್ಣು ಕುಸಿಯದಂತೆ ಬಾವಿಯ ಮೇಲ್ಭಾಗದಲ್ಲಿ ಇಳಿಸಿದ ಕೊಳವೆ, ಗಟ್ಟಿಯಾಗಿ ನಿಂತಿರುವ ತನಕ ಮಾತ್ರ ನಿಜ. ಇನ್ನೊಂದು ಬಾವಿಗೆ ಬಳಸಲೆಂದು ಕೇಸಿಂಗನ್ನೂ ಕಿತ್ತೊಯ್ಯುವುದು ಬಹಳ ಕಡೆ ನಡೆದಿದೆ. ಆಗ ಮೇಲ್ಪದರದ ಸಡಿಲ ಮಣ್ಣು ಕುಸಿಯುತ್ತ ಬಾಯಿ ಅಗಲವಾಗುತ್ತ ಹೋಗುತ್ತದೆ. ನಮ್ಮ ಬಾವಿಯ ಬಾಯಿಯ ಸುತ್ತ ಮಣ್ಣು ಬಿರುಕು ಬಿಟ್ಟು ಒಳಮುಖವಾಗಿ ಇಳಿದಿರುವುದನ್ನು ಇಂದು ಬೆಳಗ್ಗೆ ನೋಡಿಬಂದೆ. ಕೇಸಿಂಗ್‌ನ ಅಂಚು ಎಲ್ಲಿಯೂ ಕಾಣಲಿಲ್ಲ. ಹೀಗಿರುವಾಗ ತಗಡನ್ನು ಯಾವುದಕ್ಕೆ ವೆಲ್ಡ್ ಮಾಡುವುದು?

ಬತ್ತಿದ ಬಾವಿಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿಯೇ ಮಾರ್ಗಸೂಚಿ ನೀಡಿದೆ. ಕೈಬಿಟ್ಟ ಬಾವಿಯನ್ನು ಜೇಡಿಮಣ್ಣು, ಮರಳು, ಕಲ್ಲು, ಕೊರೆದಾಗ ಬಂದ ಪುಡಿ ಇಂಥವುಗಳಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಹಾಗೆ ತುಂಬಿದ್ದಕ್ಕೆ ಸಂಬಂಧಪಟ್ಟ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬೇಕು. ಬೋಲ್ಟ್ ಹಾಕಿದ ಉಕ್ಕಿನ ಮುಚ್ಚಳ, ಕೇಸಿಂಗ್ ಸುತ್ತ 0.50 ಮೀಟರ್ ಅಗಲದ, ನೆಲದಿಂದ 0.30 ಮೀಟರ್ ಮೇಲಕ್ಕೂ 0.30 ಮೀಟರ್ ಕೆಳಕ್ಕೂ ಇರುವ ಕಾಂಕ್ರೀಟ್ ಕಟ್ಟೆ ಎಂಬುದೂ ಅದರಲ್ಲಿದೆ. ಆದರೆ ಮುಚ್ಚಳ ಹಾಕಿದರೆ ತುಂಬಬೇಕಾಗಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ತುಂಬುವ ಬಗೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಮೇಲಿನಿಂದ ಒಮ್ಮೆಲೇ ಚೀಲಗಳನ್ನೋ ಕಟ್ಟಡದ ಕಸವನ್ನೋ ಸುರಿದರೆ ಅದು ನಡುದಾರಿಯಲ್ಲಿ ಸಿಕ್ಕಿಕೊಂಡು ನಿಂತುಬಿಡುತ್ತದೆ. ಕೆಳಗೆ ಖಾಲಿಯೇ ಉಳಿದಿದ್ದರೂ ಮೇಲಿನಿಂದ ನೋಡುವವರಿಗೆ ಬಾವಿ ತುಂಬಿದಂತೆ ಕಾಣುತ್ತದೆ. ಒಂದೆರಡು ದೊಡ್ಡ ಮಳೆ ಬಿದ್ದ ಮೇಲೆ ಇಡೀ ರಾಶಿ ಒಮ್ಮೆಗೇ ಕೆಳಗೆ ಜಾರುತ್ತದೆ. ಈಗಿರುವ ಗೋಣಿಚೀಲ ಎಲ್ಲೋ ಹಾಗೆಯೇ ಸಿಕ್ಕಿರಬಹುದು. ಆದ್ದರಿಂದ ಭಾರದ ಗುಂಡು ಕಟ್ಟಿದ ಹಗ್ಗವನ್ನು ಇಳಿಸಿ ಆಳ ಅಳೆದು, ಬಾವಿ ಕೊರೆದಾಗಿನ ದಾಖಲೆಯಲ್ಲಿರುವ ಆಳಕ್ಕೆ ಅದನ್ನು ಹೋಲಿಸಿದ ಬಳಿಕವೇ ತುಂಬಲು ಆರಂಭಿಸಬೇಕು. ಈ ಕೆಲಸ ವೆಲ್ಡಿಂಗ್‌ನವರಿಂದ ಆಗುವಂಥದ್ದಲ್ಲ.

ಎರಡನೆಯ ಅಡ್ಡರಸ್ತೆಯ ನಿವಾಸಿ:
ವಿವರಣೆಗೆ ಧನ್ಯವಾದ, ಸರ್. ನಾವೇ ತಗಡು ಹಾಕಿಸಿಬಿಟ್ಟರೆ ನಗರಸಭೆಯವರು ಅದನ್ನೇ ತೋರಿಸಿ ಕಡತ ಮುಗಿಸಿಬಿಡುವ ಅಪಾಯವೂ ಇದೆ ಎಂದು ಈಗ ಹೊಳೆಯುತ್ತಿದೆ. ವಂತಿಗೆಯ ಪ್ರಸ್ತಾಪವನ್ನು ಕೈಬಿಡೋಣ.

ಐದನೆಯ ಅಡ್ಡರಸ್ತೆಯ ನಿವಾಸಿ:
ಈ ಬಾವಿಯ ವಿಚಾರವಾಗಿ ಹಿಂದೊಮ್ಮೆ ವಿಚಾರಿಸಿದಾಗ, ಅದನ್ನು ಕೊರೆಸಿದ್ದು ಬೇರೆ ಇಲಾಖೆ, ತಮಗೆ ಸಂಬಂಧವಿಲ್ಲ ಎಂಬ ಉತ್ತರ ಕಚೇರಿಯ ಮೇಜಿನಿಂದಲೇ ಬಂತು. ಇನ್ನೊಂದು ತೊಡಕೆಂದರೆ, ಕೌನ್ಸಿಲ್‌ನ ಅವಧಿ ಮುಗಿದಿರುವುದರಿಂದ ನಮಗೆ ವಾರ್ಡ್ ಸದಸ್ಯರೇ ಇಲ್ಲ. ಮೊದಲಾದರೆ ಅವರ ಮನೆಬಾಗಿಲಿಗೆ ಹೋಗಿ ಕೇಳಬಹುದಿತ್ತು. ಈಗ ಯಾರನ್ನು ಕೇಳಬೇಕು?

ನಾಲ್ಕನೆಯ ಅಡ್ಡರಸ್ತೆಯ ವಕೀಲರು:
ಸಂವಿಧಾನದ 243ಯು ವಿಧಿಯ ಪ್ರಕಾರ ನಗರಸಭೆಯ ಅವಧಿ ಐದು ವರ್ಷ. ಅದು ಮುಗಿಯುವುದರೊಳಗೆ ಚುನಾವಣೆ ನಡೆದಿರಬೇಕು. ನಡೆದಿಲ್ಲವೆಂಬುದು ಪ್ರತ್ಯೇಕ ಹೋರಾಟದ ವಿಷಯ, ಅದನ್ನು ಇಲ್ಲಿಗೆ ಎಳೆಯುವುದಿಲ್ಲ. ಸದಸ್ಯರಿಲ್ಲ ಎಂದ ಮಾತ್ರಕ್ಕೆ ನಗರಸಭೆ ಇಲ್ಲವೆಂದಾಗುವುದಿಲ್ಲ. ಪೌರಾಯುಕ್ತರು ಇದ್ದಾರೆ, ಕೌನ್ಸಿಲ್‌ನ ಅಧಿಕಾರವನ್ನು ಚಲಾಯಿಸಲು ಆಡಳಿತಾಧಿಕಾರಿಗಳಿದ್ದಾರೆ. ನಮ್ಮಲ್ಲಿ ಜಿಲ್ಲಾಧಿಕಾರಿಗಳೇ ಆಡಳಿತಾಧಿಕಾರಿಗಳು. ಹಿರಿಯರು ಹೇಳಿದ ಸುಪ್ರೀಂ ಕೋರ್ಟ್ ಮಾರ್ಗಸೂಚಿಯೂ, ಈ ಕ್ರಮಗಳು ಪಾಲನೆಯಾಗುತ್ತಿವೆಯೇ ಎಂದು ಪರಿಶೀಲಿಸುವ ಹೊಣೆಯನ್ನು ಜಿಲ್ಲಾಧಿಕಾರಿಗಳಿಗೇ ವಹಿಸಿದೆ. ಎರಡು ಹೊಣೆಗಳೂ ಒಬ್ಬರ ಮೇಲೆಯೇ ಇರುವಾಗ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯಬೇಕಾದ ಪ್ರಮೇಯವಿಲ್ಲ. ಈ ವಿಷಯದ ಮಟ್ಟಿಗೆ ಹೇಳುವುದಾದರೆ, ಸದಸ್ಯರಿದ್ದ ಕಾಲಕ್ಕಿಂತ ಈಗಲೇ ನಮ್ಮ ದಾರಿ ನೇರವಾಗಿದೆ.

ಬೇರೆ ಇಲಾಖೆ ಕೊರೆಸಿತೆಂಬ ಉತ್ತರ ನಿಲ್ಲುವುದಿಲ್ಲ. ಬಡಾವಣೆ ನಿರ್ಮಿಸಿದವರು ರಸ್ತೆ ಮತ್ತು ಉದ್ಯಾನಗಳನ್ನು ಪರಿತ್ಯಾಜನಾ ಪತ್ರದ (ಹಕ್ಕು ಬಿಟ್ಟುಕೊಡುವ ದಸ್ತಾವೇಜಿನ) ಮೂಲಕ ನಗರಸಭೆಗೆ ಒಪ್ಪಿಸಿಯಾಗಿದೆ. ಅದರ ಪ್ರತಿ ಸಂಘದ ಕಡತದಲ್ಲಿದೆ. ಉದ್ಯಾನ ಮತ್ತು ಆಟದ ಮೈದಾನಗಳೂ ನೀರು ಸರಬರಾಜೂ ನಗರಾಡಳಿತ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳನ್ನು ಪಟ್ಟಿಮಾಡುವ, ಸಂವಿಧಾನದ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ಸೇರಿವೆ. ಎಲ್ಲಕ್ಕಿಂತ ಮಿಗಿಲಾಗಿ, ಶಿಬಿರ ನಡೆಸಲು ಅನುಮತಿ ಕೊಟ್ಟವರೇ ಅವರು. ಜಾಗ ತಮ್ಮದೆಂದು ಸಹಿ ಹಾಕಿ ಅನುಮತಿ ಕೊಟ್ಟ ಮೇಲೆ, ಆ ಜಾಗದಲ್ಲಿರುವ ಬಾವಿ ಮಾತ್ರ ತಮ್ಮದಲ್ಲವೆಂದು ಹೇಳುವುದು ಹೇಗೆ? ಅನುಮತಿ ಪತ್ರದ ಪ್ರತಿಯನ್ನು ಅರ್ಜಿಯ ಮೊದಲ ಲಗತ್ತಾಗಿ ಇಡಿ.

ಭೂವಿಜ್ಞಾನ ಉಪನ್ಯಾಸಕಿ, ಮೂರನೆಯ ಅಡ್ಡರಸ್ತೆ:
ತುಂಬಿಬಿಡುವ ಮುನ್ನ ಇನ್ನೊಂದು ಆಯ್ಕೆಯನ್ನೂ ಪರಿಶೀಲಿಸಬಹುದಲ್ಲವೇ? ಸಮುದಾಯ ಭವನದ ಚಾವಣಿಯ ಮಳೆನೀರನ್ನು ಶೋಧಿಸಿ ಈ ಬಾವಿಗೆ ಇಳಿಸಿದರೆ ಅಂತರ್ಜಲ ಮರುಪೂರಣವಾಗುತ್ತದೆ. ಬಾವಿಯ ಸುತ್ತ ಗುಂಡಿ ತೆಗೆದು ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಎಲ್ಲಕ್ಕೂ ಮೇಲೆ ಮರಳು ಹಾಸುವ ಪದ್ಧತಿ ರಾಜ್ಯದ ಅನೇಕ ಕಡೆ ಬಳಕೆಯಲ್ಲಿದೆ. ಒಮ್ಮೆ ತುಂಬಿದ ಬಾವಿಯನ್ನು ಮರಳಿ ಪಡೆಯಲು ಆಗುವುದಿಲ್ಲ.

ನಿವೃತ್ತ ಇಂಜಿನಿಯರ್, ಮೂರನೆಯ ಅಡ್ಡರಸ್ತೆ:
ಮೇಡಂ, ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ, ಈ ಬಾವಿಯ ಬಗ್ಗೆ ಇದೆ. ಕೇಸಿಂಗ್ ಇಲ್ಲದ ಬಾವಿಗೆ ನೀರು ಇಳಿಸಿದರೆ ಬಾಯಿ ಇನ್ನಷ್ಟು ಕುಸಿಯುತ್ತದೆ. ಜೊತೆಗೆ ಟ್ಯಾಂಕಿನ ಹಿಂದಿನ ತೆರೆದ ಚರಂಡಿ ಅಲ್ಲಿಂದ ಕೆಲವೇ ಹೆಜ್ಜೆ ದೂರದಲ್ಲಿದೆ. ಅದು ಉಕ್ಕಿದ ದಿನ ಕೊಳಚೆ ನೇರವಾಗಿ ಅಂತರ್ಜಲಕ್ಕೆ ಸೇರುತ್ತದೆ, ಅದೇ ಪದರದಿಂದ ಅಕ್ಕಪಕ್ಕದ ಮನೆಗಳ ಬಾವಿಗಳು ನೀರೆತ್ತುತ್ತಿವೆ. ಮರುಪೂರಣದ ಯೋಜನೆ ತಯಾರಾಗುತ್ತಿದೆ ಎಂಬ ಟಿಪ್ಪಣಿಯ ನೆಪದಲ್ಲಿ ಬಾವಿ ಮತ್ತೊಂದು ಬೇಸಿಗೆ ತೆರೆದೇ ಉಳಿದೀತೆಂಬ ಭಯವೂ ನನಗಿದೆ. ಭವನದ ಅಂಗಳದಲ್ಲಿ ಹೊಸದಾಗಿ ಇಂಗುಗುಂಡಿ ಮಾಡೋಣ, ಅದಕ್ಕೆ ನಿಮ್ಮ ಮಾರ್ಗದರ್ಶನ ಬೇಕು.

ಭೂವಿಜ್ಞಾನ ಉಪನ್ಯಾಸಕಿ, ಮೂರನೆಯ ಅಡ್ಡರಸ್ತೆ:
ಚರಂಡಿ ಅಷ್ಟು ಹತ್ತಿರವಿರುವುದಾದರೆ ನನ್ನ ಸಲಹೆ ಅಲ್ಲಿಗೆ ಹೊಂದುವುದಿಲ್ಲ. ಇಂಗುಗುಂಡಿಗೆ ಸಹಕರಿಸುತ್ತೇನೆ.

ಸಂಘದ ಕಾರ್ಯದರ್ಶಿ:
ಚರ್ಚೆಯ ಆಧಾರದ ಮೇಲೆ ಅರ್ಜಿಯನ್ನು ಸಿದ್ಧಪಡಿಸಿ, ಪೌರಾಯುಕ್ತರ ಕಚೇರಿಯ ಆವಕ ವಿಭಾಗದಲ್ಲಿ ಇಂದು ಮಧ್ಯಾಹ್ನ ಸಲ್ಲಿಸಿ, ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದೇವೆ. ಇನ್ನೊಂದು ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟಾಯಿತು. ಅರ್ಜಿಯ ಮುಖ್ಯ ಭಾಗ ಹೀಗಿದೆ:

“ಸದರಿ ಉದ್ಯಾನದಲ್ಲಿ ಮಕ್ಕಳ ಶಿಬಿರ ನಡೆಸಲು ತಾವು ಅನುಮತಿ ನೀಡಿರುತ್ತೀರಿ. ಅದೇ ಆವರಣದಲ್ಲಿ ಬತ್ತಿದ ಕೊಳವೆ ಬಾವಿಯೊಂದು ತೆರೆದ ಸ್ಥಿತಿಯಲ್ಲಿರುವುದರಿಂದ, ಅದರ ಆಳವನ್ನು ಅಳೆದು ದಾಖಲಿಸಿ, ತಳದಿಂದ ನೆಲಮಟ್ಟದವರೆಗೆ ತುಂಬಿಸಿ, ತುಂಬಿದ ಬಗ್ಗೆ ಪ್ರಮಾಣಪತ್ರದ ಪ್ರತಿಯನ್ನು ಸಂಘಕ್ಕೆ ನೀಡಬೇಕೆಂದೂ, ಅಲ್ಲಿಯವರೆಗೆ ಸುತ್ತ ಮುಳ್ಳುತಂತಿಯ ಬೇಲಿ ಹಾಕಿಸಬೇಕೆಂದೂ ಕೋರುತ್ತೇವೆ.”

ನೀರು ಸರಬರಾಜು ವಿಭಾಗದ ಕಿರಿಯ ಇಂಜಿನಿಯರ್ ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಸ್ಥಳ ಪರಿಶೀಲನೆಗೆ ಬರುವುದಾಗಿ ತಿಳಿಸಿದ್ದಾರೆ. ನಿವೃತ್ತ ಇಂಜಿನಿಯರ್ ಅವರೂ ವಕೀಲರೂ ದಯವಿಟ್ಟು ಹಾಜರಿರಬೇಕು. ಆಳ ಅಳೆಯುವಾಗ ಫೋಟೊ ತೆಗೆದು, ಅಳತೆಯನ್ನು ಬರೆದುಕೊಂಡು, ಹಾಜರಿದ್ದವರೆಲ್ಲರ ಸಹಿ ಪಡೆಯೋಣ.

ಶಿಬಿರದ ಮೊದಲ ವಾರದ ತರಗತಿಗಳು ಸಮುದಾಯ ಭವನದಲ್ಲಿ ನಡೆಯುತ್ತವೆ. ಖೋಖೋ ಮತ್ತು ಲಗೋರಿ ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ. ಭವನ ಚಿಕ್ಕದಾದ್ದರಿಂದ ಕಿರಿಯರಿಗೆ ಬೆಳಗ್ಗೆ, ಹಿರಿಯರಿಗೆ ಸಂಜೆ ಎಂದು ಎರಡು ತಂಡ ಮಾಡಬೇಕಾಗಿದೆ. ಹೆಸರು ಕೊಟ್ಟಿರುವ ಪೋಷಕರು ಮಗುವಿನ ವಯಸ್ಸನ್ನು ಬುಧವಾರ ರಾತ್ರಿಯೊಳಗೆ ತಿಳಿಸಬೇಕು. ಕ್ರಿಕೆಟ್ ಆಡುವ ಹುಡುಗರಿಗೆ ಮರದ ವಿಕೆಟ್‌ಗಳನ್ನು ಸಂಘದಿಂದಲೇ ಕೊಡಿಸಲಾಗುತ್ತದೆ.