ಜರ್ಸಿಯ ಎದೆಯಿಂದ ಬೆಟ್ಟಿಂಗ್ ಹೆಸರು ಇಳಿದರೆ ಚಟ ಇಳಿಯುತ್ತಾ?

ಎಡ_ವಿಂಗರ್:

ಪ್ರೀಮಿಯರ್ ಲೀಗ್ ಕ್ಲಬ್‌ಗಳು 2023ರ ಏಪ್ರಿಲ್‌ನಲ್ಲಿ ತಾವೇ ಒಪ್ಪಿಕೊಂಡಂತೆ, 2025–26ರ ಸೀಸನ್ ಮುಗಿದ ಮೇಲೆ ಪಂದ್ಯದ ಜರ್ಸಿಯ ಎದೆ ಮೇಲೆ ಬೆಟ್ಟಿಂಗ್ ಕಂಪನಿಯ ಹೆಸರು ಇರುವಂತಿಲ್ಲ. ತೋಳಿನ ಮೇಲೆ ಇರಬಹುದು, ಮೈದಾನದ ಅಂಚಿನ ಎಲ್‌ಇಡಿ ಫಲಕದಲ್ಲೂ ಇರಬಹುದು. ಹಾಗಾದರೆ ಬದಲಾಗಿದ್ದೇನು? ಒಂದು ಕಾಲಕ್ಕೆ ಬಿಯರ್ ಹೆಸರುಗಳೂ ಹೀಗೇ ಎದೆ ಮೇಲೆ ಕೂತಿದ್ದವು, ಈಗ ಇಲ್ಲ. ಅದರಿಂದ ಏನಾದರೂ ಪಾಠ ಸಿಗುತ್ತದಾ?

ಇನ್ನೊಂದು, ಇದೇ ಮುಖ್ಯ: ಬ್ರಿಟನ್ನಿನಲ್ಲಿ ಈಗಾಗಲೇ ಬೆಟ್ಟಿಂಗ್ ಚಟಕ್ಕೆ ಬಿದ್ದವರು ಫುಟ್‌ಬಾಲ್ ನೋಡುವುದನ್ನು ಬಿಡದೆ ಬೆಟ್ ಬಿಡಬೇಕೆಂದರೆ ಯಾವ ಕ್ರಮದಲ್ಲಿ ಏನು ಮಾಡಬೇಕು? "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಅನ್ನೋ ಉತ್ತರ ದಯವಿಟ್ಟು ಬೇಡ.

ಕಾರ್ನರ್_ಬಾವುಟ:

ಎದೆ ಅನ್ನೋದು ಈ ವ್ಯವಹಾರದಲ್ಲಿ ಫೋಟೊಗೆ ಸಿಗುವ ಭಾಗ, ಅಷ್ಟೆ.

2002ರಲ್ಲಿ ಫುಲ್ಹಮ್ ಜರ್ಸಿಗೆ ಬೆಟ್‌ಫೇರ್ ಬಂತು. ಪ್ರೀಮಿಯರ್ ಲೀಗಿನಲ್ಲಿ ಅದೇ ಮೊದಲು. 2005ರ ಜೂಜು ಕಾಯ್ದೆ 2007ರ ಸೆಪ್ಟೆಂಬರ್‌ನಲ್ಲಿ ಜಾರಿಯಾಗಿ ಟಿವಿ ಜಾಹೀರಾತಿನ ಬಾಗಿಲು ತೆರೆದ ಮೇಲೆ ಲೆಕ್ಕ ಏರುತ್ತಲೇ ಹೋಯಿತು. 2024–25ರಲ್ಲಿ 20 ಕ್ಲಬ್‌ಗಳ ಪೈಕಿ 11ರ ಎದೆ ಮೇಲೆ ಬೆಟ್ಟಿಂಗ್ ಅಥವಾ ಕ್ಯಾಸಿನೊ ಹೆಸರೇ ಇತ್ತು.

ಇವುಗಳಲ್ಲಿ ಹಲವು ಬ್ರಾಂಡ್‌ಗಳಿಗೆ ಬ್ರಿಟನ್ನಿನ ಗಿರಾಕಿ ಬೇಕಾಗಿಯೇ ಇರಲಿಲ್ಲ. ಗುರಿ ಇದ್ದದ್ದು ಏಷ್ಯಾದಲ್ಲಿ ಟಿವಿ ಮುಂದೆ ಕೂತವರ ಮೇಲೆ. ಬ್ರಿಟನ್ನಿನಲ್ಲಿ ಜಾಹೀರಾತು ಹಾಕಲು ಅಲ್ಲಿನ ಲೈಸೆನ್ಸ್ ಬೇಕು. ಅದಕ್ಕೆ ಇನ್ನೊಂದು ಕಂಪನಿಯ ಲೈಸೆನ್ಸ್ ಅಡಿಯಲ್ಲಿ ಹೆಸರಿಗೊಂದು 'ವೈಟ್ ಲೇಬಲ್' ಸೈಟ್ ತೆರೆದರೆ ಸಾಕಾಗುತ್ತಿತ್ತು. ಇಂಥ ಹಲವು ಬ್ರಾಂಡ್‌ಗಳ ಹಿಂದಿದ್ದ ಟಿಜಿಪಿ ಯುರೋಪ್, 2025ರ ಮೇ ತಿಂಗಳಲ್ಲಿ 33 ಲಕ್ಷ ಪೌಂಡ್ ದಂಡ ಎದುರಾದಾಗ ಲೈಸೆನ್ಸನ್ನೇ ಒಪ್ಪಿಸಿ ಹೊರಟಿತು. ಜರ್ಸಿ ಮೇಲಿನ ಹೆಸರುಗಳು ಮಾತ್ರ ಅಲ್ಲೇ ಉಳಿದವು, ಜೂಜು ಆಯೋಗ ಕ್ಲಬ್‌ಗಳಿಗೆ ಎಚ್ಚರಿಕೆ ಕೊಡಬೇಕಾಯಿತು.

ಟಿವಿ ವಿಷಯದಲ್ಲಿ 2019ರ ಆಗಸ್ಟ್‌ನಿಂದ 'ಸೀಟಿಯಿಂದ ಸೀಟಿವರೆಗೆ' ಎಂಬ ನಿಯಮ ಇದೆ. ಕಂಪನಿಗಳು ತಾವೇ ಹಾಕಿಕೊಂಡದ್ದು: ರಾತ್ರಿ 9ರೊಳಗಿನ ನೇರಪ್ರಸಾರದಲ್ಲಿ, ಆಟ ಶುರುವಾಗುವ 5 ನಿಮಿಷ ಮುಂಚಿನಿಂದ ಮುಗಿದ 5 ನಿಮಿಷದವರೆಗೆ ಬೆಟ್ಟಿಂಗ್ ಜಾಹೀರಾತು ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ಅದು ಜಾಹೀರಾತಿನ ವಿರಾಮಕ್ಕೆ ಮಾತ್ರ. ಎಲ್‌ಇಡಿ ಫಲಕ ಆ ಹೊತ್ತಿನಲ್ಲೂ ಓಡುತ್ತಲೇ ಇರುತ್ತದೆ, ಕ್ಯಾಮೆರಾ ಚೆಂಡಿನ ಹಿಂದೆ ಹೋದಾಗೆಲ್ಲ ಅದೂ ಪರದೆಗೆ ಬರುತ್ತದೆ. ಮಕ್ಕಳ ಅಳತೆಯ ಜರ್ಸಿಯಲ್ಲಿ ಲೋಗೊ ಬೇಡ ಅಂದದ್ದೂ ಇಂಥದ್ದೇ. ಮಗು ನೋಡೋದು ತನ್ನ ಅಂಗಿಯನ್ನಲ್ಲ, ಗೋಲು ಹೊಡೆದವನ ಅಂಗಿಯನ್ನು.

ಕೆಳಗಿನ ಡಿವಿಷನ್‌ಗಳನ್ನು ನಡೆಸುವ ಇಎಫ್‌ಎಲ್‌ಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. ಅದರ ಶೀರ್ಷಿಕೆ ಪ್ರಾಯೋಜಕ 2013ರಿಂದ ಸ್ಕೈ ಬೆಟ್.

ಕಾನೂನೇ ಮಾಡಿದ ಕಡೆಯೂ ಸಂದು ಹುಡುಕುತ್ತಾರೆ. ಇಟಲಿ 2018ರ ಆದೇಶದಲ್ಲಿ ಜೂಜಿನ ಜಾಹೀರಾತನ್ನೂ ಕ್ರೀಡಾ ಪ್ರಾಯೋಜಕತ್ವವನ್ನೂ ನಿಷೇಧಿಸಿತು. 2024ರಲ್ಲಿ ಇಂಟರ್ ಮಿಲಾನ್ ಎದೆ ಮೇಲೆ ಬಂದದ್ದು 'ಬೆಟ್‌ಸನ್ ಡಾಟ್ ಸ್ಪೋರ್ಟ್'. ಬೆಟ್ಟಿಂಗ್ ಅಲ್ಲವಂತೆ, ಕ್ರೀಡಾ ಸುದ್ದಿಯ ತಾಣವಂತೆ! ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ.

ಹಳೇ_ಟೆರೇಸ್:

ಬಿಯರ್ ಬಗ್ಗೆ ನಾನು ಹೇಳ್ತೀನಿ. ಲಿವರ್‌ಪೂಲ್ ಎದೆ ಮೇಲೆ 1992ರಿಂದ 2010ರವರೆಗೆ ಕಾರ್ಲ್ಸ್‌ಬರ್ಗ್, ಎವರ್ಟನ್ ಮೇಲೆ 2004ರಿಂದ 2017ರವರೆಗೆ ಚಾಂಗ್. ಲೀಗಿನ ಹೆಸರೇ 1993ರಿಂದ 2001ರವರೆಗೆ ಕಾರ್ಲಿಂಗ್ ಪ್ರೀಮಿಯರ್‌ಶಿಪ್. ಇವು ಎದೆಯಿಂದ ಇಳಿದದ್ದು ಯಾವ ಕಾನೂನಿನಿಂದಲೂ ಅಲ್ಲ. ಬ್ಯಾಂಕು, ವಿಮಾನಯಾನ, ಬೆಟ್ಟಿಂಗ್ ಕಂಪನಿಗಳು ಜಾಗ ಹಿಡಿದವು, ಅಷ್ಟೆ. ಆದ್ದರಿಂದ "ಮದ್ಯ ಹೋಯಿತು, ಜೂಜೂ ಹೋಗುತ್ತೆ" ಅನ್ನೋ ವಾದಕ್ಕೆ ಬುಡವೇ ಇಲ್ಲ. ಹೈನೆಕೆನ್ 2005ರಿಂದ ಚಾಂಪಿಯನ್ಸ್ ಲೀಗಿನ ಜೊತೆಗಿದೆ.

ಸ್ಕಾಟ್ಲೆಂಡ್ ಇನ್ನೂ ತಮಾಷೆ. 1980ರ ಕಪ್ ಫೈನಲ್ ಮುಗಿದ ಮೇಲೆ ರೇಂಜರ್ಸ್–ಸೆಲ್ಟಿಕ್ ಅಭಿಮಾನಿಗಳು ಮೈದಾನಕ್ಕೆ ಇಳಿದು ಬಡಿದಾಡಿಕೊಂಡರು. ಅದೇ ವರ್ಷ ಸ್ಟೇಡಿಯಮ್ಮಿನಲ್ಲಿ ಮದ್ಯ ನಿಷೇಧವಾಯಿತು. ಆದರೆ 2003ರಿಂದ ಅದೇ ಎರಡೂ ತಂಡಗಳ ಎದೆ ಮೇಲೆ ಕಾರ್ಲಿಂಗ್, 2010ರಿಂದ 2013ರವರೆಗೆ ಟೆನೆಂಟ್ಸ್. ಸ್ಟ್ಯಾಂಡಿನಲ್ಲಿ ಕೂತವನು ಬಿಯರ್ ಕುಡಿಯುವಂತಿಲ್ಲ, ಎದುರಿಗೆ 22 ಜನ ಬಿಯರ್ ಹೆಸರು ಹೊತ್ತು ಓಡಾಡಬಹುದು.

ಫ್ರಾನ್ಸ್ ಮಾತ್ರ 1991ರ ಎವಾಂ ಕಾನೂನಿನಲ್ಲಿ ಕ್ರೀಡೆಗೆ ಮದ್ಯದ ಪ್ರಾಯೋಜಕತ್ವವನ್ನೇ ಮುಚ್ಚಿತು. ಆದರೂ 2016ರ ಯುರೊ ಕಪ್ ಅಲ್ಲೇ ನಡೆದಾಗ ಕಾರ್ಲ್ಸ್‌ಬರ್ಗ್ ತನ್ನ ಹೆಸರು ಬಿಟ್ಟು, ತನ್ನದೇ ಹಸಿರು ಬಣ್ಣದಲ್ಲಿ, ತನ್ನದೇ ಅಕ್ಷರ ಶೈಲಿಯಲ್ಲಿ ತನ್ನ ಘೋಷವಾಕ್ಯದ ಮೊದಲ ಪದ 'ಪ್ರಾಬಬ್ಲಿ' ಎಂದಷ್ಟೇ ಫಲಕಕ್ಕೆ ಹಾಕಿತು. ನೋಡಿದವರಿಗೆಲ್ಲ ಅರ್ಥವಾಯಿತು. ಹೆಸರನ್ನು ಮಾತ್ರ ನಿಷೇಧಿಸುವ ಕಾನೂನು ಬಣ್ಣ, ಅಕ್ಷರ, ಘೋಷವಾಕ್ಯಗಳನ್ನೂ ಹಿಡಿಯಬೇಕು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬಿಯರ್ ಜಾಹೀರಾತು ನೋಡಿದವನು ಎದ್ದು ಹೋಗಿ ಬಾಟಲಿ ತರಬೇಕು. ಹೊಟ್ಟೆಗೂ ಒಂದು ಮಿತಿ ಇದೆ. ಬೆಟ್ಟಿಂಗ್‌ನಲ್ಲಿ ಜಾಹೀರಾತು, ಅಂಗಡಿ, ಸರಕು, ಗಲ್ಲಾಪೆಟ್ಟಿಗೆ ನಾಲ್ಕೂ ಒಂದೇ ಫೋನಿನಲ್ಲಿ.

ಗುಣಕ95:

ಸರಕಿನ ಒಳಗಿರುವ ಲೆಕ್ಕ ಯಾರೂ ಹೇಳಲಿಲ್ಲ. ಎರಡೂ ಕಡೆ ಸಮ ಸಾಧ್ಯತೆ ಇರುವ ಬೆಟ್‌ಗೆ ನ್ಯಾಯವಾದ ಆಡ್ಸ್ (ಗೆದ್ದರೆ ಹಾಕಿದ ಹಣದ ಎಷ್ಟು ಪಟ್ಟು ವಾಪಸ್ ಅನ್ನೋ ಸಂಖ್ಯೆ) 2.00. ಕಂಪನಿ ಎರಡೂ ಕಡೆ 1.90 ಕೊಟ್ಟಿತು ಅನ್ನಿ. ಅಂದರೆ 100 ಹಾಕಿದರೆ ಸರಾಸರಿ ವಾಪಸ್ ಬರೋದು 95. ಇಂಥ 5 ಪಂದ್ಯ ಸೇರಿಸಿ ಒಂದು ಅಕ್ಯುಮುಲೇಟರ್ (ಎಲ್ಲವೂ ಗೆದ್ದರೆ ಮಾತ್ರ ದುಡ್ಡು ಸಿಗುವ ಬೆಟ್) ಕಟ್ಟಿದರೆ 0.95 ಅನ್ನು 5 ಸಲ ಗುಣಿಸಬೇಕು: ವಾಪಸ್ 77. 8 ಪಂದ್ಯಕ್ಕೆ 66. ಗಿರಾಕಿಗೆ ಕಾಣೋದು ದೊಡ್ಡ ಗೆಲುವಿನ ಮೊತ್ತ, ಕಂಪನಿಗೆ ಕಾಣೋದು ಈ ಗುಣಾಕಾರ. ಆಫರ್‌ಗಳೆಲ್ಲ ಅಕ್ಯುಮುಲೇಟರ್, ಬೆಟ್ ಬಿಲ್ಡರ್ (ಒಂದೇ ಪಂದ್ಯದ ಹಲವು ಬೆಟ್‌ಗಳ ಜೋಡಣೆ) ಕಡೆಗೇ ಯಾಕೆ ವಾಲುತ್ತವೆ ಅನ್ನೋದು ಇಷ್ಟರಲ್ಲೇ ತಿಳಿಯುತ್ತೆ.

ಇದಕ್ಕಿಂತ ಅಪಾಯ ಇನ್-ಪ್ಲೇ, ಅಂದರೆ ಪಂದ್ಯ ನಡೆಯುತ್ತಿರುವಾಗಲೇ ಹಾಕುವ ಬೆಟ್. ಹಿಂದೆ ಒಂದು ಬೆಟ್ ಸೋತರೆ ಮುಂದಿನ ಪಂದ್ಯದವರೆಗೆ ಕಾಯಬೇಕಿತ್ತು. ಈಗ ಮುಂದಿನ ಕಾರ್ನರ್, ಮುಂದಿನ ಹಳದಿ ಕಾರ್ಡ್. ಸೋತದ್ದನ್ನು ಅಲ್ಲೇ ವಾಪಸ್ ತರುತ್ತೇನೆ ಅಂತ ಬೆನ್ನಟ್ಟುವುದು ಚಟದ ಮುಖ್ಯ ಲಕ್ಷಣಗಳಲ್ಲಿ ಒಂದು. ಇನ್-ಪ್ಲೇ ಬೆನ್ನಟ್ಟಲಿಕ್ಕೆ 90 ನಿಮಿಷವೂ ದಾರಿ ತೆರೆದಿಡುತ್ತೆ. ಹಾಗಾಗಿ ನನ್ನ ಪ್ರಕಾರ ಜರ್ಸಿಗಿಂತ ಸರಕಿನ ಮೇಲಿನ ನಿಯಮಗಳೇ ಗಟ್ಟಿ: 2020ರ ಏಪ್ರಿಲ್‌ನಲ್ಲಿ ಬಂದ ಕ್ರೆಡಿಟ್ ಕಾರ್ಡ್ ನಿಷೇಧ, 2025ರಲ್ಲಿ ಆನ್‌ಲೈನ್ ಸ್ಲಾಟ್‌ಗೆ ಹಾಕಿದ ಮಿತಿ, ಅಂದರೆ ಒಂದು ಸುತ್ತಿಗೆ 5 ಪೌಂಡ್, 18ರಿಂದ 24 ವಯಸ್ಸಿನವರಿಗೆ 2 ಪೌಂಡ್.

ಬೆಂಚ್_ನಂ_12:

ಮೂರನೇ ಪ್ರಶ್ನೆಗೆ ಬರ್ತೀನಿ. ಕ್ರಮ ಮುಖ್ಯ: ಮೊದಲು ದುಡ್ಡಿನ ದಾರಿ, ಆಮೇಲೆ ಖಾತೆ, ಆಮೇಲೆ ಫೋನು.

ಬ್ಯಾಂಕ್ ಆ್ಯಪಿನಲ್ಲಿ ಜೂಜಿನ ಬ್ಲಾಕ್ ಹಾಕಿ. ಇದು ವ್ಯಾಪಾರಿಯ ವರ್ಗದ ಕೋಡ್ ನೋಡಿ ಕಾರ್ಡ್ ಪಾವತಿಯನ್ನು ತಡೆಯುತ್ತೆ. ತೆಗೆಯಲು ಹೋದರೆ ಎಷ್ಟು ಹೊತ್ತು ಕಾಯಿಸುತ್ತೆ ಅಂತ ನೋಡಿ. 48 ಗಂಟೆ ಇರುವುದು ತಕ್ಷಣ ಬಿಡುವುದಕ್ಕಿಂತ ಎಷ್ಟೋ ಮೇಲು, ಯಾಕೆಂದರೆ ತುಡಿತ ಅಷ್ಟು ಹೊತ್ತು ಅದೇ ಬಿಸಿಯಲ್ಲಿ ಇರಲ್ಲ. ಬ್ಯಾಂಕ್ ವರ್ಗಾವಣೆ, ಇ-ವಾಲೆಟ್, ಕ್ರಿಪ್ಟೊ ಮೂಲಕ ಹೋಗುವ ದುಡ್ಡು ಇದರ ಕೈಗೆ ಸಿಗದೇ ಇರಬಹುದು. ವಾಲೆಟ್ ಖಾತೆಗಳನ್ನು ಮುಚ್ಚಿಯೇಬಿಡಿ.

ಆಮೇಲೆ ಗ್ಯಾಮ್‌ಸ್ಟಾಪ್: ಒಮ್ಮೆ ನೋಂದಾಯಿಸಿದರೆ ಬೆಟ್ಟಿಂಗ್ ಸೈಟುಗಳು ನಿಮ್ಮನ್ನು ಒಳಗೆ ಬಿಡದಂತೆ ಮಾಡುವ ಸೇವೆ. ಬ್ರಿಟನ್ ಲೈಸೆನ್ಸ್ ಇರುವ ಆನ್‌ಲೈನ್ ಕಂಪನಿಗಳಿಗೆಲ್ಲ 2020ರ ಮಾರ್ಚ್ 31ರಿಂದ ಇದು ಕಡ್ಡಾಯ. ಅವಧಿ 6 ತಿಂಗಳು, 1 ವರ್ಷ ಅಥವಾ 5 ವರ್ಷ. ಮಧ್ಯದಲ್ಲಿ ರದ್ದು ಮಾಡಲು ಆಗಲ್ಲ. ಜಾರಿಯಾಗಲು 24 ಗಂಟೆವರೆಗೆ ಹಿಡಿಯಬಹುದು, ಹಾಗಾಗಿ ದೊಡ್ಡ ಪಂದ್ಯದ ದಿನ ಬೆಳಿಗ್ಗೆ ನೋಂದಾಯಿಸಿ ನಂಬಿ ಕೂರಬೇಡಿ. ಜನ ಎಡವೋದು ಇಲ್ಲಿ: ಈಗಿನ ಇಮೇಲ್, ಈಗಿನ ವಿಳಾಸ ಮಾತ್ರ ಕೊಡ್ತಾರೆ. ಹೊಂದಾಣಿಕೆ ನಡೆಯೋದು ವಿವರಗಳ ಮೇಲೆ, ಆದ್ದರಿಂದ ಹಳೇ ಇಮೇಲ್, ಹಳೇ ಮೊಬೈಲ್ ಸಂಖ್ಯೆ, ಹಿಂದಿನ ವಿಳಾಸ, ಬದಲಾದ ಹೆಸರು ಎಲ್ಲವನ್ನೂ ಸೇರಿಸಿ. ಬೀದಿಯ ಬೆಟ್ಟಿಂಗ್ ಅಂಗಡಿಗಳು ಇದರಲ್ಲಿ ಬರಲ್ಲ, ಅವಕ್ಕೆ ಬೇರೆ ನೋಂದಣಿ. ಲೈಸೆನ್ಸ್ ಇಲ್ಲದ ವಿದೇಶಿ ಸೈಟುಗಳೂ ಬರಲ್ಲ. "ಗ್ಯಾಮ್‌ಸ್ಟಾಪ್‌ನಲ್ಲಿ ಇಲ್ಲದ ಸೈಟು" ಅಂತಲೇ ಬಲೆ ಹಾಕುವವರಿದ್ದಾರೆ.

ಆ ಸಂದಿಗೇ ಗ್ಯಾಂಬ್ಯಾನ್‌ನಂಥ ಬ್ಲಾಕಿಂಗ್ ಸಾಫ್ಟ್‌ವೇರ್ ಬೇಕು. ಎಲ್ಲ ಸಾಧನಗಳಲ್ಲೂ ಹಾಕಿ, ಮೂಲೆಯಲ್ಲಿ ಬಿದ್ದ ಹಳೇ ಟ್ಯಾಬ್ ಸೇರಿ. ಸ್ಕೋರ್ ಆ್ಯಪಿನಲ್ಲಿ ಆಡ್ಸ್ ತೋರಿಸುವ ಸೆಟ್ಟಿಂಗ್ ಆಫ್ ಮಾಡಿ. ಆ ಆಯ್ಕೆ ಇಲ್ಲದಿದ್ದರೆ ಆ್ಯಪನ್ನೇ ತೆಗೆಯಿರಿ.

ಮನೆಯವರಿಗೆ ಒಂದು ಮಾತು: ಈ ಬ್ಲಾಕ್‌ಗಳು ಕೂರುವ ಮೊದಲು ಸಾಲ ತೀರಿಸಿಕೊಡಬೇಡಿ. ಸಾಲ ತೀರಿದರೆ ಮತ್ತೆ ಸಾಲ ಪಡೆಯುವ ಅವಕಾಶ ತೆರೆದುಕೊಳ್ಳುತ್ತೆ, ಆ ದುಡ್ಡೂ ಬೆಟ್‌ಗೇ ಹೋಗಿಬಿಡುತ್ತೆ.

ಚಟ ಎಷ್ಟು ಗಂಭೀರ ಅಂತ ಅಳೆಯಲು ಪಿಜಿಎಸ್‌ಐ ಎಂಬ ಪ್ರಶ್ನಾವಳಿ ಇದೆ: 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 8 ಅಥವಾ ಹೆಚ್ಚು ಬಂದರೆ ಚಿಕಿತ್ಸೆಗೆ ಹೋಗಿ, ಅರಿವಿನ ವರ್ತನಾ ಚಿಕಿತ್ಸೆಯೇ ಮೊದಲ ಆಯ್ಕೆ. ಸಾಯುವ ಯೋಚನೆ ಬರುತ್ತಿದ್ದರೆ ಅಂಕ ಎಣಿಸುತ್ತಾ ಕೂರಬೇಡಿ, ಅದೇ ದಿನ ವೈದ್ಯರನ್ನು ಕಾಣಿ.

ಬೆಟ್ ಜೊತೆ ಕುಡಿತವೂ ಇದ್ದರೆ ಒಂದು ವ್ಯತ್ಯಾಸ ಗೊತ್ತಿರಲಿ. ಬೆಟ್ಟನ್ನು ಇವತ್ತೇ ಪೂರ್ತಿ ನಿಲ್ಲಿಸಬಹುದು. ದಿನವೂ ಹೆಚ್ಚು ಕುಡಿಯುವವರು ಮದ್ಯವನ್ನು ಹಾಗೆ ಒಮ್ಮೆಲೇ ಬಿಡಬಾರದು: 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, 48ರಿಂದ 72 ಗಂಟೆಯ ಹೊತ್ತಿಗೆ ಭ್ರಮೆ, ನಡುಕ, ಜ್ವರ ಸೇರಿ ಜೀವಕ್ಕೇ ಕುತ್ತಾಗಬಹುದು. ಅದು ವೈದ್ಯರ ಕಣ್ಣಳತೆಯಲ್ಲೇ ಆಗಬೇಕು.

ಎಡ_ವಿಂಗರ್:

ಬಹಳ ಉಪಯೋಗವಾಯಿತು. ಅಭಿಮಾನಿ ಸಂಘದಿಂದ ಕ್ಲಬ್‌ಗೆ ಪತ್ರ ಬರೆದರೆ ಏನು ಕೇಳಬೇಕು?

ಕಾರ್ನರ್_ಬಾವುಟ:

"ಜೂಜು ಬೇಡ" ಅಂತ ಬರೆದರೆ "ನಾವು ಹೊಣೆಗಾರಿಕೆಯಿಂದ ನಡೆದುಕೊಳ್ಳುತ್ತೇವೆ" ಅಂತ ಒಂದು ಸಾಲು ಬರುತ್ತೆ, ಕಥೆ ಮುಗಿಯಿತು. ನೇರ ಉತ್ತರ ಕೊಡಲೇಬೇಕಾದಂಥ ಪ್ರಶ್ನೆ ಕೇಳಿ. ತೋಳಿನ ಒಪ್ಪಂದ ಯಾವ ತಿಂಗಳಿಗೆ ಮುಗಿಯುತ್ತದೆ? ಎಲ್‌ಇಡಿಯಲ್ಲಿ ಬೆಟ್ಟಿಂಗ್‌ಗೆ ಎಷ್ಟು ನಿಮಿಷ, ಅದರಲ್ಲಿ ಲೈವ್ ಆಡ್ಸ್ ತೋರಿಸುತ್ತಾರಾ? ಕ್ಲಬ್‌ನ ಇಮೇಲ್ ಪಟ್ಟಿ ಪ್ರಾಯೋಜಕರಿಗೆ ಹೋಗುತ್ತದಾ? ಕೊನೆಯದನ್ನು ಬಿಡಲೇಬೇಡಿ: ಕ್ಲಬ್‌ನ ಲಿಂಕ್ ಒತ್ತಿ ಖಾತೆ ತೆರೆದವರು ಸೋತ ಹಣದಲ್ಲಿ ಕ್ಲಬ್‌ಗೆ ಪಾಲು ಇದೆಯಾ? ಅಫಿಲಿಯೇಟ್ ಒಪ್ಪಂದ ಅಂದರೆ ಅದೇ. ಪಾಲು ಇದ್ದರೆ ಅಭಿಮಾನಿ ಹೆಚ್ಚು ಸೋತಷ್ಟೂ ಕ್ಲಬ್‌ಗೆ ಆದಾಯ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ 2017ರಲ್ಲಿ ಬೆಟ್ಟಿಂಗ್ ಕಂಪನಿ ಲ್ಯಾಡ್‌ಬ್ರೋಕ್ಸ್ ಜೊತೆಗಿನ ತನ್ನ ಒಪ್ಪಂದವನ್ನು ಅರ್ಧಕ್ಕೇ ಮುರಿದುಕೊಂಡಿತು, ಹಾಗಾಗಿ "ಸಹಿ ಹಾಕಿಬಿಟ್ಟಿದ್ದೇವೆ, ಏನೂ ಮಾಡಲಾಗದು" ಅಂದರೆ ಇದನ್ನು ನೆನಪಿಸಿ.